ಕಾಲೇಜು ಓದುವಾಗಲೇ ಸೈಟು, ಮನೆಯಲ್ಲಿ ಹೂಡಿಕೆ: ದಾವಣಗೆರೆಯ ಹುಡುಗ ಹುಡುಗಿಯರು ಎಲ್ಲಿಂದ ಶುರು ಮಾಡಬೇಕು?

ನನ್ನ ಹತ್ತಿರ ಒಂದು ಬಿಳಿ ಹಾಳೆ ಇದೆ. "ಸೈಟಿನ ಬಾಬ್ತು ರೂ. 50,000 ಮುಟ್ಟಿದೆ" ಎಂದು ಬರೆದು, ರೆವಿನ್ಯೂ ಸ್ಟಾಂಪ್ ಹಚ್ಚಿ, ಮೇಲೆ ಸಹಿ ಹಾಕಿದ್ದಾರೆ. ಆಗ ನಾನು ದಾವಣಗೆರೆಯಲ್ಲಿ ಬಿಕಾಂ ಎರಡನೇ ವರ್ಷ ಓದುತ್ತಿದ್ದೆ. ಅದು ಮನೆಪಾಠ ಹೇಳಿ ಕೂಡಿಟ್ಟ ದುಡ್ಡು. ಸ್ವಲ್ಪ ಅಜ್ಜಿ ಕೊಟ್ಟಿದ್ದು. ಊರ ಹೊರಗೆ ಹೊಸ ಲೇಔಟ್, ಬಣ್ಣ ಬಳಿದ ಕಲ್ಲುಗಳು, ಗೇಟಿಗೆ ಬಾಳೆಕಂದು. "ಪಂಚಾಯ್ತಿ ಅಪ್ರೂವ್ಡ್ ಇದೆ ತಮ್ಮಾ, ಇವತ್ತು ಅಡ್ವಾನ್ಸ್ ಕೊಟ್ಟರೆ ಹಳೇ ರೇಟು" ಅಂದರು. ಕೊಟ್ಟುಬಿಟ್ಟೆ.

ಆಮೇಲೆ ಗೊತ್ತಾಯಿತು. ಆ ಜಮೀನು ಹಿಂದೆ ಸರ್ಕಾರ ಒಂದು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಮಂಜೂರು ಮಾಡಿದ್ದು. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವ ಹಾಗೇ ಇರಲಿಲ್ಲ. ಒಂದೂವರೆ ವರ್ಷ ಓಡಾಡಿದೆ. ರೂ. 30,000 ವಾಪಸ್ ಬಂತು. ಉಳಿದದ್ದು ಹೋಯಿತು.

ಆ 20,000 ರೂಪಾಯಿಗೆ ನಾನು ಕಲಿತದ್ದನ್ನು ನೀವು ಏನೂ ಕಳೆದುಕೊಳ್ಳದೆ ಕಲಿಯಬೇಕು ಎಂದು ಇದನ್ನು ಬರೆಯುತ್ತಿದ್ದೇನೆ. ಕಾಲೇಜಿನಲ್ಲಿರುವಾಗ ನಿಮ್ಮ ಹತ್ತಿರ ದುಡ್ಡು ಕಡಿಮೆ, ಸಮಯ ಜಾಸ್ತಿ. ಆಸ್ತಿ ವ್ಯವಹಾರದಲ್ಲಿ ಮೋಸ ಹೋಗುವವರಲ್ಲಿ ಹೆಚ್ಚಿನವರು ಸಮಯ ಇಲ್ಲದವರು. ಕಾಗದ ಓದೋಕೆ ಪುರುಸೊತ್ತಿಲ್ಲದೆ ಸಹಿ ಹಾಕಿದವರು. ಹಾಗಾಗಿ ಈ ಮೂರು ನಾಲ್ಕು ವರ್ಷದಲ್ಲಿ ಕಾಗದ ಓದುವುದನ್ನು ಕಲಿತರೆ ಅದೇ ನಿಮ್ಮ ಮೊದಲ ಹೂಡಿಕೆ.

ಹೆಜ್ಜೆ 1: ಮೊದಲು ನಿಮ್ಮ ಮನೆಯ ಬೀರು ತೆಗೆಯಿರಿ

ಯಾವ ಲೇಔಟಿಗೂ ಹೋಗಬೇಡಿ. ಅಪ್ಪ, ಅಮ್ಮನನ್ನು ಕೇಳಿ ಮನೆಯ ಅಥವಾ ಹೊಲದ ಪತ್ರಗಳನ್ನು ಹೊರಗೆ ತೆಗೆಸಿ. "ನಿನಗ್ಯಾಕೆ ಅದೆಲ್ಲ, ಓದ್ಕೋ ಹೋಗು" ಅನ್ನಬಹುದು. ಪತ್ರಗಳ ಒಂದು ಪಟ್ಟಿ ಮಾಡಿ, ಫೋಟೊ ತೆಗೆದು ಇಡ್ತೀನಿ ಅಂದರೆ ಒಪ್ಪುತ್ತಾರೆ. ಎಷ್ಟೋ ಮನೆಗಳಲ್ಲಿ ಯಾವ ಪತ್ರ ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ.

ಕ್ರಯಪತ್ರವನ್ನು ನಿಧಾನಕ್ಕೆ ಓದಿ. ಯಾರು ಯಾರಿಗೆ ಮಾರಿದರು? ಮಾರಿದವರಿಗೆ ಅದು ಎಲ್ಲಿಂದ ಬಂತು? ಕೊನೆಯಲ್ಲಿ ಷೆಡ್ಯೂಲ್ ಇರುತ್ತದೆ. ಅಲ್ಲಿ ಅಳತೆ ಮತ್ತು ಚೆಕ್ಕುಬಂದಿ ಬರೆದಿರುತ್ತಾರೆ. ಪೂರ್ವಕ್ಕೆ ಯಾರ ಆಸ್ತಿ, ಪಶ್ಚಿಮಕ್ಕೆ ಏನು, ಉತ್ತರಕ್ಕೆ ರಸ್ತೆಯೋ ಗೋಡೆಯೋ. ಟೇಪು ಹಿಡಿದು ಹೊರಗೆ ಹೋಗಿ ಅಳೆಯಿರಿ. ಪತ್ರದಲ್ಲಿ 30 ಅಡಿ ಇದ್ದು ನೆಲದಲ್ಲಿ 28 ಅಡಿ ಇದ್ದರೆ, ಆ ಎರಡು ಅಡಿ ಎಲ್ಲಿ ಹೋಯಿತು ಎಂದು ಹುಡುಕುವುದೇ ದೊಡ್ಡ ಪಾಠ.

ಹೊಲ ಇದ್ದರೆ ಪಹಣಿ ತೆಗೆಸಿ. ಸರ್ವೆ ನಂಬರ್, ಹಿಸ್ಸಾ, ಎಕರೆ, ಗುಂಟೆ, ಯಾರ ಹೆಸರು, ಬ್ಯಾಂಕಿನ ಸಾಲ ಎಷ್ಟಿದೆ, ಎಲ್ಲ ಅದರಲ್ಲಿ ಇರುತ್ತದೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. 30×40 ಸೈಟು 1,200 ಚದರ ಅಡಿ, ಅಂದರೆ ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ. ಈ ಲೆಕ್ಕ ನಾಲಿಗೆ ತುದಿಯಲ್ಲಿರಲಿ. ದಲ್ಲಾಳಿಗಳು ಎಕರೆಯಲ್ಲಿ ಕೊಂಡು ಚದರ ಅಡಿಯಲ್ಲಿ ಮಾರುವಾಗ ನಡುವೆ ಎಷ್ಟು ಉಳಿಯುತ್ತದೆ ಎಂಬುದು ಇದರಿಂದಲೇ ಗೊತ್ತಾಗುವುದು.

ಆಮೇಲೆ ಕಾವೇರಿ 2.0 ಜಾಲತಾಣದಲ್ಲಿ ನಿಮ್ಮ ಮನೆಯದ್ದೇ ಇಸಿ, ಅಂದರೆ ಋಣಭಾರ ಪತ್ರ, ತೆಗೆಸಿ. ಆ ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನ, ದಾನ, ವಿಭಾಗ ಎಲ್ಲ ಅದರಲ್ಲಿ ಸಾಲಾಗಿ ಬರುತ್ತವೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಆನ್‌ಲೈನಿನಲ್ಲಿ 2004ರಿಂದ ಈಚಿನದು ಸಿಗುತ್ತದೆ. ಅದಕ್ಕಿಂತ ಹಿಂದಿನದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಕೊಡಬೇಕು. ನೋಂದಣಿ ಆಗದ ಕರಾರು, ಕೈಸಾಲ, ಕೋರ್ಟಿನ ಕೇಸು ಇಸಿಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಇದನ್ನು ನೆನಪಿಡಿ. "ಇಸಿ ಕ್ಲಿಯರ್ ಇದೆ" ಅಂದ ಮಾತ್ರಕ್ಕೆ ಎಲ್ಲ ಕ್ಲಿಯರ್ ಅಲ್ಲ.

ಹೆಜ್ಜೆ 2: ಕಾಲಿಗೆ ಕೆಲಸ ಕೊಡಿ

ವಾರಕ್ಕೆ ಒಂದು ಸಂಜೆ, ಒಂದೇ ಒಂದು ಏರಿಯಾ. ಈ ವಾರ ಶಾಮನೂರು ಕಡೆ, ಮುಂದಿನ ವಾರ ಕುಂದುವಾಡ ಕೆರೆ ಸುತ್ತ, ಆಮೇಲೆ ಹದಡಿ ರಸ್ತೆ, ಹರಿಹರದ ದಾರಿ, ಶಿವಗಂಗೋತ್ರಿ ಇರುವ ತೋಳಹುಣಸೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಸರ್ಕಾರದ್ದೇ ಆ್ಯಪ್. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕೆರೆ, ಹಳ್ಳ, ಸರ್ಕಾರಿ ಜಮೀನು ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. "ಲೇಕ್ ವ್ಯೂ" ಎಂದು ಬೋರ್ಡ್ ಹಾಕಿದ ಜಾಗದಲ್ಲಿ ನಿಂತು ಒಮ್ಮೆ ತೆರೆದು ನೋಡಿ. ಕೆರೆ ನೋಡುತ್ತಾ ನಿಂತಿದ್ದೀರೋ, ಕೆರೆಯ ಜಾಗದಲ್ಲೇ ನಿಂತಿದ್ದೀರೋ ತಿಳಿಯುತ್ತದೆ.

ಮಳೆಗಾಲದಲ್ಲಿ ತಪ್ಪದೆ ಹೋಗಿ. ನಮ್ಮ ಕಡೆ ಭದ್ರಾ ನಾಲೆಯ ನೀರು ಹರಿಯುವ ಗದ್ದೆಗಳೇ ಎಷ್ಟೋ ಕಡೆ ಲೇಔಟ್ ಆಗುತ್ತಿವೆ. ಬೇಸಿಗೆಯಲ್ಲಿ ನೋಡಿದರೆ ಬಟ್ಟಬಯಲು, ಆಗಸ್ಟಿನಲ್ಲಿ ನೋಡಿದರೆ ಮೊಣಕಾಲಿನ ತನಕ ನೀರು. ಮಣ್ಣನ್ನೂ ಕೈಯಲ್ಲಿ ಹಿಡಿದು ನೋಡಿ. ಈ ಸೀಮೆಯಲ್ಲಿ ಎರೆ ಭೂಮಿ ಬಹಳ. ಹಿಂದೆ ಹತ್ತಿ ಬೆಳೆದು ಊರಿಗೆ ಮಿಲ್ಲುಗಳು ಬಂದಿದ್ದು ಇದೇ ಮಣ್ಣಿನಿಂದ. ಆದರೆ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅಂಥ ಕಡೆ ಪಾಯ ಆಳಕ್ಕೆ ಹೋಗಬೇಕು, ಖರ್ಚು ಜಾಸ್ತಿ. ಪಕ್ಕದ ಕೆಂಪು ಮಣ್ಣಿನ ಸೈಟಿಗಿಂತ ಎರೆ ಮಣ್ಣಿನ ಸೈಟು ಚದರ ಅಡಿಗೆ 100 ರೂಪಾಯಿ ಕಡಿಮೆ ಇದೆ ಎಂದು ಖುಷಿಪಡಬೇಡಿ. ಮನೆ ಕಟ್ಟುವ ಗಾರೆ ಮೇಸ್ತ್ರಿಯನ್ನು ಒಂದು ಮಾತು ಕೇಳಿ. ಯಾವ ದಲ್ಲಾಳಿಗಿಂತಲೂ ಸರಿಯಾದ ಉತ್ತರ ಅವರು ಕೊಡುತ್ತಾರೆ.

ಒಂದು ನೋಟ್‌ಬುಕ್ ಇಡಿ. ಪ್ರತಿ ಏರಿಯಾಕ್ಕೂ ಮೂರು ಬೆಲೆ ಬರೆಯಿರಿ. ಬೋರ್ಡಿನಲ್ಲಿ ಕೇಳುವ ಬೆಲೆ ಒಂದು. ನಿಜವಾಗಿ ಮಾರಾಟವಾದ ಬೆಲೆ ಇನ್ನೊಂದು. ಸರ್ಕಾರದ ಮಾರ್ಗಸೂಚಿ ಬೆಲೆ, ಅಂದರೆ ನೋಂದಣಿಗೆ ಸರ್ಕಾರ ಹಿಡಿಯುವ ಕನಿಷ್ಠ ಬೆಲೆಯಾದ ಗೈಡೆನ್ಸ್ ವ್ಯಾಲ್ಯೂ, ಮೂರನೆಯದು. ಮೂರನೆಯದು ಆನ್‌ಲೈನಿನಲ್ಲೇ ಸಿಗುತ್ತದೆ. ಎರಡನೆಯದು ಕಷ್ಟ. ಇತ್ತೀಚೆಗೆ ಕೊಂಡವರ ಹತ್ತಿರ, ಸಾಲ ಕೊಡುವ ಬ್ಯಾಂಕಿನವರ ಹತ್ತಿರ, ಪತ್ರ ಬರೆಯುವವರ ಹತ್ತಿರ ವಿಚಾರಿಸಬೇಕು. ಎರಡು ವರ್ಷ ಹೀಗೆ ಬರೆದಿಟ್ಟ ವಿದ್ಯಾರ್ಥಿಗೆ ಊರಿನ ನೆಲದ ಬೆಲೆಯ ಬಗ್ಗೆ ಗೊತ್ತಿರುವಷ್ಟು, 25 ಲಕ್ಷ ಹಾಕಲು ಹೊರಟ ಎಷ್ಟೋ ಹಿರಿಯರಿಗೆ ಗೊತ್ತಿರುವುದಿಲ್ಲ.

"ಇಲ್ಲಿ ರಿಂಗ್ ರೋಡ್ ಬರುತ್ತೆ, ಅಲ್ಲಿ ರೈಲು ಬರುತ್ತೆ" ಎಂಬ ಮಾತು ಪ್ರತಿ ಲೇಔಟಿನಲ್ಲೂ ಕೇಳಿಸುತ್ತದೆ. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ಬರುವ ನೇರ ರೈಲು ಮಾರ್ಗ ಮಂಜೂರಾಗಿ ದಶಕ ದಾಟಿದೆ. ಆಗ ಆ ರೈಲನ್ನೇ ನಂಬಿ ಸಾಲ ಮಾಡಿ ಸೈಟು ಕೊಂಡವರು ಇಷ್ಟು ವರ್ಷ ಬಡ್ಡಿ ಕಟ್ಟಿದ್ದರೆ ಎಷ್ಟಾಯಿತು, ಲೆಕ್ಕ ಹಾಕಿ. ಈಗ ಓಡಾಡುವ ರಸ್ತೆ, ಈಗ ಬರುವ ನೀರು, ಈಗ ಇರುವ ಚರಂಡಿ, ಇವುಗಳಿಗೆ ಮಾತ್ರ ಬೆಲೆ ಕಟ್ಟಿ.

ಹೆಜ್ಜೆ 3: "ಎಂಟು ಲಕ್ಷ ಲಾಭ" ಅನ್ನುವ ಲೆಕ್ಕವನ್ನು ಬಿಚ್ಚಿ ನೋಡಿ

ಇದು ನನಗೆ ತುಂಬಾ ಮುಖ್ಯ ಅನ್ನಿಸುವ ಹೆಜ್ಜೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. 30×40 ಸೈಟು, ಚದರ ಅಡಿಗೆ ರೂ. 2,000. ಒಟ್ಟು 24 ಲಕ್ಷ. ಐದು ವರ್ಷದ ನಂತರ 32 ಲಕ್ಷಕ್ಕೆ ಮಾರಿದಿರಿ. ಎಲ್ಲರೂ "ಎಂಟು ಲಕ್ಷ ಸಿಕ್ಕಿತು" ಅನ್ನುತ್ತಾರೆ.

ಈಗ ಖರ್ಚು ನೋಡಿ. ಸೈಟಿಗೆ ಮುದ್ರಾಂಕ ಶುಲ್ಕ 5 ಪರ್ಸೆಂಟ್. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು 1 ಪರ್ಸೆಂಟ್ ಇತ್ತು, 2025ರ ಆಗಸ್ಟ್ ಕೊನೆಯಿಂದ 2 ಪರ್ಸೆಂಟ್. ಎಲ್ಲ ಸೇರಿ 7.6 ಪರ್ಸೆಂಟ್. 24 ಲಕ್ಷಕ್ಕೆ ಸುಮಾರು ರೂ. 1.82 ಲಕ್ಷ. ಕಮಿಷನ್ 2 ಪರ್ಸೆಂಟ್ ಎಂದು ಹಿಡಿದರೆ ರೂ. 48,000. ಅಲ್ಲಿಗೆ ನಿಮ್ಮ ಕೈಯಿಂದ ಹೋದದ್ದು ಸುಮಾರು 26.3 ಲಕ್ಷ. ಮಾರುವಾಗಲೂ ಕಮಿಷನ್ ರೂ. 64,000. ಕೈಗೆ ಬಂದದ್ದು 31.36 ಲಕ್ಷ. ನಿಜವಾದ ಲಾಭ ಐದು ಲಕ್ಷದ ಆಸುಪಾಸು. ವರ್ಷಕ್ಕೆ ಹಂಚಿದರೆ ಮೂರೂವರೆ ಪರ್ಸೆಂಟ್ ಚಿಲ್ಲರೆ. ಇದರಲ್ಲಿ ವರ್ಷವರ್ಷ ಕಟ್ಟಿದ ಕಂದಾಯ, ಗಿಡಗಂಟಿ ತೆಗೆಸಿದ ಕೂಲಿ ಸೇರಿಲ್ಲ. 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡು ಮಾರಿದರೂ ಲಾಭದ ಮೇಲೆ 12.5 ಪರ್ಸೆಂಟ್ ತೆರಿಗೆ ಇದೆ. ಅದೂ ಸೇರಿಲ್ಲ.

ಬ್ಯಾಂಕಿನ ಎಫ್‌ಡಿಯಲ್ಲೇ ಇದಕ್ಕಿಂತ ಜಾಸ್ತಿ ಬರುತ್ತಿತ್ತು, ಅಲ್ವಾ? ಹಾಗಂತ ಸೈಟು ಕೊಳ್ಳುವುದೇ ತಪ್ಪು ಅನ್ನುತ್ತಿಲ್ಲ. ಅದೇ ಸೈಟು 45 ಲಕ್ಷಕ್ಕೆ ಹೋದರೆ ಕಥೆ ಬೇರೆ. ಮನೆ ಕಟ್ಟಿಕೊಂಡು ಬಾಡಿಗೆ ಉಳಿಸಿದರೆ ಮತ್ತೂ ಬೇರೆ. ಆದರೆ ಬೆಲೆ ಏರಿದ್ದನ್ನು ನೋಡಿ ಲಾಭ ಅನ್ನಬೇಡಿ. ಕೈಯಿಂದ ಹೋದದ್ದು, ಕೈಗೆ ಬಂದದ್ದು, ನಡುವೆ ಕಳೆದ ವರ್ಷ, ಈ ಮೂರನ್ನೂ ಒಟ್ಟಿಗೆ ನೋಡಿ. ನಿಮ್ಮ ನೆಂಟರು ಯಾರಾದರೂ ಹಿಂದೆ ಕೊಂಡು ಮಾರಿದ್ದರೆ ಅವರ ಲೆಕ್ಕವನ್ನು ಹೀಗೇ ಮಾಡಿ ನೋಡಿ. ಮೂರು ಲೆಕ್ಕ ಮಾಡಿದರೆ ಸಾಕು, ಬ್ರೋಷರ್ ಓದುವ ಕಣ್ಣೇ ಬದಲಾಗುತ್ತದೆ.

ಹೆಜ್ಜೆ 4: ಕೆಲವು ನೂರು ರೂಪಾಯಿಯಲ್ಲಿ ಬಾಡಿಗೆ ಆದಾಯದ ರುಚಿ

ಸೈಟು ಕೊಳ್ಳುವ ದುಡ್ಡಿಲ್ಲ, ಆದರೂ ಶುರು ಮಾಡಬೇಕು ಅನ್ನುವವರಿಗೆ ರೀಟ್ ಇದೆ. ದೊಡ್ಡ ಆಫೀಸ್ ಕಟ್ಟಡ, ಮಾಲ್‌ಗಳನ್ನು ಒಂದು ಟ್ರಸ್ಟ್ ಹಿಡಿದುಕೊಂಡಿರುತ್ತದೆ. ಅದರ ಪಾಲನ್ನು ಯೂನಿಟ್ ಎಂದು ಷೇರು ಮಾರುಕಟ್ಟೆಯಲ್ಲಿ ಮಾರುತ್ತಾರೆ. ಯೂನಿಟ್ ಇದ್ದವರಿಗೆ ಬಾಡಿಗೆಯಲ್ಲಿ ಪಾಲು ಬರುತ್ತದೆ. ಷೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ 2014ರಲ್ಲೇ ಇದಕ್ಕೆ ನಿಯಮ ಮಾಡಿತ್ತು. ದೇಶದ ಮೊದಲ ರೀಟ್ ಎಂಬೆಸಿ ಆಫೀಸ್ ಪಾರ್ಕ್ಸ್, 2019ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂತು. ಆಮೇಲೆ ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್ ಬಂದವು. 2023ರಲ್ಲಿ ನೆಕ್ಸಸ್ ಸೆಲೆಕ್ಟ್ ಟ್ರಸ್ಟ್ ಬಂತು. ಅದು ಮಾಲ್‌ಗಳದ್ದು. ಮೈಸೂರು, ಮಂಗಳೂರಿನಲ್ಲೂ ಅದರ ಮಾಲ್ ಇವೆ.

ಹಂಚಬಹುದಾದ ನಗದಿನಲ್ಲಿ ಕನಿಷ್ಠ 90 ಪರ್ಸೆಂಟನ್ನು ಯೂನಿಟ್‌ದಾರರಿಗೆ ಕೊಡಲೇಬೇಕು ಎಂಬುದು ನಿಯಮ. 80 ಪರ್ಸೆಂಟ್ ಆಸ್ತಿ ಕಟ್ಟಿ ಮುಗಿದು ಆದಾಯ ಬರುವಂಥದ್ದೇ ಆಗಿರಬೇಕು. 2021ರಿಂದ ಒಂದೇ ಒಂದು ಯೂನಿಟ್ ಕೂಡ ಕೊಳ್ಳಬಹುದು. 18 ತುಂಬಿರಬೇಕು, ಪ್ಯಾನ್ ಮತ್ತು ಷೇರು, ಯೂನಿಟ್ ಇಡುವ ಡಿಮ್ಯಾಟ್ ಖಾತೆ ಬೇಕು, ಅಷ್ಟೇ.

ಬೆಲೆ ಇಳಿಯುತ್ತದೆ ಕೂಡ. ಕಂಪನಿಗಳು ಆಫೀಸ್ ಖಾಲಿ ಮಾಡಿದರೆ ಬಾಡಿಗೆ ಕಡಿಮೆಯಾಗುತ್ತದೆ. ಅದಕ್ಕೇ ನಾನು ಹೇಳುವುದು, ಪಾಕೆಟ್ ಮನಿಯಿಂದ ಒಂದೆರಡು ಯೂನಿಟ್ ಕೊಳ್ಳಿ, ಫೀಸಿನ ದುಡ್ಡು ಹಾಕಬೇಡಿ. ಮೂರು ತಿಂಗಳಿಗೊಮ್ಮೆ ಬರುವ ಅವರ ವರದಿಯಲ್ಲಿ ಎಷ್ಟು ಜಾಗ ತುಂಬಿದೆ, ಎಷ್ಟು ಖಾಲಿ ಇದೆ, ಸಾಲ ಎಷ್ಟಿದೆ ಎಂದು ಓದಿ. ಬಾಡಿಗೆ ವ್ಯವಹಾರ ಹೇಗೆ ನಡೆಯುತ್ತದೆ ಎನ್ನುವುದು ಅಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ಹೆಜ್ಜೆ 5: ಬಾಡಿಗೆ ಮನೆ ಹಿಡಿದು ಪಿಜಿ ಮಾಡುವ ಆಸೆ ಇದ್ದರೆ

ದಾವಣಗೆರೆ ಕಾಲೇಜುಗಳ ಊರು. ಎರಡು ಮೆಡಿಕಲ್, ಹಲವು ಇಂಜಿನಿಯರಿಂಗ್, ಮೇಲೆ ವಿಶ್ವವಿದ್ಯಾಲಯ. ರೂಮಿಗೆ ಬೇಡಿಕೆ ಇದ್ದೇ ಇದೆ. ಹಾಗಾಗಿ "ಒಂದು ಮನೆ ಬಾಡಿಗೆಗೆ ಹಿಡಿದು ಆರು ಜನರಿಗೆ ಕೊಡೋಣ" ಎಂಬ ಯೋಚನೆ ಬಹಳ ಹುಡುಗರಿಗೆ ಬರುತ್ತದೆ. ನನಗೂ ಬಂದಿತ್ತು. ಲೆಕ್ಕ ಹಾಕೋಣ. ಮನೆ ಬಾಡಿಗೆ ತಿಂಗಳಿಗೆ ರೂ. 12,000 ಎಂದುಕೊಳ್ಳಿ. ಆರು ಜನ, ತಲೆಗೆ ರೂ. 3,000, ಒಟ್ಟು 18,000. ಕರೆಂಟು, ನೀರು, ಇಂಟರ್ನೆಟ್, ಕ್ಲೀನಿಂಗ್‌ಗೆ 3,000. ತಿಂಗಳಿಗೆ 3,000 ಉಳಿಯಿತು, ವರ್ಷಕ್ಕೆ 36,000!

ಆದರೆ ರಜೆಯಲ್ಲಿ ಎರಡು ತಿಂಗಳು ಹುಡುಗರು ಊರಿಗೆ ಹೋಗುತ್ತಾರೆ, ಬಾಡಿಗೆ ಕೊಡುವುದಿಲ್ಲ. ಮನೆ ಓನರ್ ಮಾತ್ರ 12 ತಿಂಗಳೂ ಕೇಳುತ್ತಾರೆ. ಹತ್ತು ತಿಂಗಳಿಗೆ ಬಂದದ್ದು 1,80,000. ಹನ್ನೆರಡು ತಿಂಗಳ ಬಾಡಿಗೆ 1,44,000, ಇತರ ಖರ್ಚು 36,000. ಕೂಡಿದರೆ ಅದೂ 1,80,000. ಉಳಿದದ್ದು ಸೊನ್ನೆ. ಮೇಲೆ ಅಡ್ವಾನ್ಸ್ ದುಡ್ಡು ಸುಮ್ನೆ ಸಿಕ್ಕಿಹಾಕಿಕೊಂಡಿರುತ್ತದೆ. ಮಾಡಲೇಬೇಕು ಅನ್ನುವವರು ಓನರ್ ಒಪ್ಪಿಗೆಯನ್ನು ಬರವಣಿಗೆಯಲ್ಲೇ ಪಡೆಯಿರಿ. ಪಿಜಿಗೆ ಮಹಾನಗರ ಪಾಲಿಕೆಯ ಉದ್ಯಮ ಪರವಾನಗಿ ಬೇಕಾಗುತ್ತದೆ, ವಿಚಾರಿಸಿ.

ನಿಮ್ಮದೇ ಮನೆಯ ಮಹಡಿ ಮೇಲೆ ಒಂದು ರೂಮು ಖಾಲಿ ಇದ್ದರೆ ಅದು ಚೆನ್ನಾದ ಶುರು. ಬಾಡಿಗೆ ಕರಾರು ಬರೆಸುವುದು, ಅಡ್ವಾನ್ಸ್ ಲೆಕ್ಕ, ರಿಪೇರಿ, ಬಾಡಿಗೆ ತಡವಾದಾಗ ಮಾತಾಡುವುದು, ಎಲ್ಲ ಅಪ್ಪ ಅಮ್ಮನ ಪರವಾಗಿ ನೀವೇ ನೋಡಿಕೊಳ್ಳಿ.

ಲೇಔಟ್‌ನವರಿಗೆ ಗಿರಾಕಿ ತಂದುಕೊಟ್ಟು ಕಮಿಷನ್ ಸಂಪಾದಿಸುವವರೂ ಇದ್ದಾರೆ. ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗಬೇಕಾದ ಲೇಔಟಿನ ಸೈಟು ಮಾರಿಸುವ ಏಜೆಂಟ್ ಕೂಡ ರೇರಾದಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಇಲ್ಲದೆ ಸ್ನೇಹಿತನ ಅಪ್ಪನಿಗೆ ಸೈಟು ಕೊಡಿಸಿ, ಅದು ಕೆಟ್ಟರೆ ಸ್ನೇಹವೂ ಹೋಗುತ್ತದೆ, ಕೇಸೂ ಬರುತ್ತದೆ.

ಹೆಜ್ಜೆ 6: ಮನೆಯವರು ಕೊಳ್ಳುವಾಗ ನೀವು ಕಾಗದ ನೋಡಿ

ಕಾಲೇಜಿನಲ್ಲಿರುವಾಗ ನಿಮ್ಮ ಹೆಸರಲ್ಲಿ ಕೊಳ್ಳದೇ ಇರಬಹುದು. ಆದರೆ ಅಪ್ಪ, ಚಿಕ್ಕಪ್ಪ, ಸೋದರಮಾವ ಯಾರಾದರೂ ಕೊಳ್ಳುತ್ತಲೇ ಇರುತ್ತಾರೆ. ಕಲಿತದ್ದನ್ನು ಹಾಕುವ ಜಾಗ ಇದು. ನಾನು ಮುಗ್ಗರಿಸಿದ್ದೂ ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಕೇಳಬೇಕಾದದ್ದು, ಈ ಜಮೀನು ಭೂ ಪರಿವರ್ತನೆ ಆಗಿದೆಯಾ? ಹೊಲವನ್ನು ವಾಸಕ್ಕೆ ಬಳಸಲು ಸಾಮಾನ್ಯವಾಗಿ ಕಂದಾಯ ಇಲಾಖೆಯ ಆದೇಶ ಬೇಕು. ಅದಿಲ್ಲದೆ ಹೊಲವನ್ನೇ ತುಂಡು ಮಾಡಿ ಮಾರಿದರೆ ಅದನ್ನು ರೆವಿನ್ಯೂ ಸೈಟು ಅನ್ನುತ್ತಾರೆ. ಎರಡನೆಯದು, ಲೇಔಟ್ ನಕ್ಷೆಗೆ ಮಂಜೂರಾತಿ ಕೊಟ್ಟವರು ಯಾರು? ದಾವಣಗೆರೆ, ಹರಿಹರದ ಸುತ್ತಲಿನ ಯೋಜನಾ ವ್ಯಾಪ್ತಿಯಲ್ಲಿ ಆ ಅಧಿಕಾರ ದೂಡಾದ್ದು, ಅಂದರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ್ದು. ಅಲ್ಲಿ "ಪಂಚಾಯ್ತಿ ಅಪ್ರೂವ್ಡ್" ಅನ್ನುವ ಮಾತಿಗೆ ಬೆಲೆ ಇಲ್ಲ. ನನಗೆ ಆ ಒಂದು ವಿಷಯ ಗೊತ್ತಿದ್ದಿದ್ದರೆ ಅವತ್ತು ಗೇಟಿನಿಂದಲೇ ವಾಪಸ್ ಬರುತ್ತಿದ್ದೆ. ಮಂಜೂರಾದ ನಕ್ಷೆಯ ಪ್ರತಿ ಹಿಡಿದು ಲೇಔಟಿನಲ್ಲಿ ನಡೆಯಿರಿ. ನಕ್ಷೆಯಲ್ಲಿ ಪಾರ್ಕ್ ಇರುವ ಕಡೆ ನಿಮಗೆ ಸೈಟು ತೋರಿಸುತ್ತಿದ್ದಾರಾ ನೋಡಿ.

ಮೂರನೆಯದು ರೇರಾ. 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ರೇರಾದಲ್ಲಿ ನೋಂದಣಿ ಆಗಲೇಬೇಕು. 500 ಚದರ ಮೀಟರ್ ಅಂದರೆ ಐದು ಗುಂಟೆಗಿಂತ ಕೊಂಚ ಕಡಿಮೆ. ಅಂದರೆ ನೀವು ನೋಡುವ ಹೆಚ್ಚುಕಡಿಮೆ ಎಲ್ಲ ಹೊಸ ಲೇಔಟುಗಳೂ ಇದರೊಳಗೆ ಬರುತ್ತವೆ. ನೋಂದಣಿ ನಂಬರನ್ನು ರೇರಾ ಕರ್ನಾಟಕದ ಜಾಲತಾಣದಲ್ಲಿ ಹಾಕಿದರೆ ಮಾಲೀಕರು, ನಕ್ಷೆ, ಮುಗಿಸುವ ದಿನಾಂಕ ಎಲ್ಲ ಬರುತ್ತದೆ. 2016ರ ರೇರಾ ಕಾಯ್ದೆ ಪ್ರಕಾರ ನೋಂದಾಯಿತ ಕರಾರು ಮಾಡಿಕೊಳ್ಳದೆ ಬೆಲೆಯ 10 ಪರ್ಸೆಂಟಿಗಿಂತ ಜಾಸ್ತಿ ಮುಂಗಡ ತೆಗೆದುಕೊಳ್ಳುವಂತಿಲ್ಲ. ಗಿರಾಕಿಗಳಿಂದ ಬಂದ ದುಡ್ಡಿನಲ್ಲಿ 70 ಪರ್ಸೆಂಟನ್ನು ಬೇರೆ ಖಾತೆಯಲ್ಲಿಟ್ಟು ಅದೇ ಲೇಔಟಿನ ಜಮೀನು ಮತ್ತು ಕೆಲಸಕ್ಕೇ ಬಳಸಬೇಕು. "ತಿಂಗಳಿಗೆ ಇಷ್ಟು ಕಟ್ಟಿ, ಐದು ವರ್ಷಕ್ಕೆ ಸೈಟು ಕೊಡ್ತೀವಿ" ಅನ್ನುವ ಕಂತಿನ ಸ್ಕೀಮುಗಳಿಗೆ ಈ ನಂಬರ್ ಕೇಳಿ. ನಂಬರ್ ಕೊಡದಿದ್ದರೆ ಎದ್ದು ಬನ್ನಿ.

ನಾಲ್ಕನೆಯದು ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಅದು. ಮಾರಾಟವಾಗಿ ಎಷ್ಟೇ ವರ್ಷ ಕಳೆದಿದ್ದರೂ ಜಮೀನು ವಾಪಸ್ ಕೇಳಬಹುದು ಎಂದು 2023ರಲ್ಲಿ ತಿದ್ದುಪಡಿ ಬಂತು. ಬಡ ಕುಟುಂಬಗಳ ನೆಲವನ್ನು ಕಡಿಮೆ ದುಡ್ಡಿಗೆ ಬರೆಸಿಕೊಳ್ಳುವುದನ್ನು ತಡೆಯಲೆಂದೇ ಬಂದ ಕಾಯ್ದೆ. ನನ್ನ 20,000 ಹೋದರೂ ಈ ಕಾಯ್ದೆ ಸರಿ ಎಂದೇ ನನ್ನ ನಂಬಿಕೆ. ಮೂಲಪತ್ರದಲ್ಲಿ "ಮಂಜೂರು", "ಸಾಗುವಳಿ ಚೀಟಿ" ಎಂಬ ಮಾತು ಕಂಡರೆ ಅಲ್ಲೇ ನಿಲ್ಲಿ. ತಾಲ್ಲೂಕು ಕಚೇರಿಯಲ್ಲಿ ಹಳೆಯ ದಾಖಲೆ ತೆಗೆಸಿ ವಕೀಲರಿಗೆ ತೋರಿಸಿ.

ಐದನೆಯದು ಮಾರುವವರ ಮನೆಯ ಹೆಣ್ಣುಮಕ್ಕಳು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಅಣ್ಣತಮ್ಮಂದಿರು ಸಹಿ ಹಾಕಿ, "ತಂಗಿ ಮದುವೆಯಾಗಿ ಹೋಗಿದ್ದಾಳೆ, ಅವಳದ್ದೇನೂ ಇಲ್ಲ ಬಿಡಿ" ಅಂದರೆ ಒಪ್ಪಬೇಡಿ. ವಂಶವೃಕ್ಷ ಕೇಳಿ. ಅದರಲ್ಲಿರುವ ಹಕ್ಕುದಾರರೆಲ್ಲರೂ ಸಹಿಗೆ ಬರಬೇಕು. ಎಷ್ಟೋ ಕೋರ್ಟ್ ಕೇಸುಗಳು ಹುಟ್ಟುವುದು ಈ ಒಂದು ಸಹಿ ಬಿಟ್ಟಿದ್ದರಿಂದ. ಅದಕ್ಕಿಂತ ಹೆಚ್ಚಾಗಿ, ಆಕೆಯ ಪಾಲನ್ನು ಆಕೆಗೆ ಗೊತ್ತಿಲ್ಲದೆ ಕೊಳ್ಳುವುದು ನ್ಯಾಯವೇ?

ಖಾತೆಯನ್ನೂ, ಅಂದರೆ ಪಾಲಿಕೆ ಅಥವಾ ಪಂಚಾಯ್ತಿ ಪುಸ್ತಕದಲ್ಲಿ ಆಸ್ತಿ ಯಾರ ಹೆಸರಲ್ಲಿದೆ ಎಂಬ ದಾಖಲೆಯನ್ನೂ ನೋಡಿ. ನಗರದಲ್ಲಿ ಇ-ಖಾತಾ ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಎ ಖಾತೆಯೋ ಬಿ ಖಾತೆಯೋ ಎಂಬುದು ಮುಖ್ಯ. ಬಿ ಖಾತೆ ಅಂದರೆ ಕಂದಾಯ ಕಟ್ಟಿಸಿಕೊಳ್ಳುತ್ತಾರೆ, ಆದರೆ ಲೇಔಟ್ ಅಧಿಕೃತವಲ್ಲ ಎಂದರ್ಥ. ಸಾಲಕ್ಕೆ ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಹಳ್ಳಿ ಕಡೆ ಇ-ಸ್ವತ್ತಿನಲ್ಲಿ, ಅಂದರೆ ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆಯಲ್ಲಿ, ನಮೂನೆ 9 ಮತ್ತು 11ಎ ಇರಬೇಕು. ಬರೀ 11ಬಿ ತೋರಿಸಿದರೆ ಯಾಕೆ ಎಂದು ಕೇಳಿ.

ಜಿಪಿಎ, ಅಂದರೆ ಮಾಲೀಕರು ಬೇರೆಯವರಿಗೆ ಬರೆದುಕೊಟ್ಟ ಅಧಿಕಾರ ಪತ್ರದ ಮೇಲೆ ಮಾರುತ್ತೇವೆ ಅನ್ನುವವರ ಹತ್ತಿರ ಕೊಳ್ಳಲೇಬೇಡಿ. ಜಿಪಿಎ, ಬರೀ ಕರಾರು, ಉಯಿಲು ಇವುಗಳಿಂದ ಮಾಲೀಕತ್ವ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ. ಆಸ್ತಿ ವ್ಯವಹಾರದಲ್ಲಿ ರೂ. 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ನಾನು ಕೊಟ್ಟ 50,000 ಪೂರ್ತಿ ನಗದಾಗಿತ್ತು. ಪೂರ್ತಿ ವಾಪಸ್ ಪಡೆಯೋಕೆ ಕಷ್ಟವಾಗಿದ್ದೂ ಅದಕ್ಕೇ.

ಇಷ್ಟೆಲ್ಲ ನೋಡಿದ ಮೇಲೂ ಒಬ್ಬ ವಕೀಲರಿಂದ ಪತ್ರ ಪರಿಶೀಲನೆ ಮಾಡಿಸಿ. ಲೇಔಟ್‌ನವರು ತೋರಿಸಿದ ವಕೀಲರು ಬೇಡ, ನಿಮ್ಮವರು ಇರಲಿ. ಕೆಲವು ಸಾವಿರ ಫೀಸು ಆಗುತ್ತದೆ. ಅವರು ಓದುವಾಗ ಪಕ್ಕದಲ್ಲಿ ಕೂತು ನೋಡಿ.

ಹೆಜ್ಜೆ 7: ನಿಮ್ಮ ಹೆಸರನ್ನು ಯಾರಿಗೂ ಕೊಡಬೇಡಿ

ಇದನ್ನು ಹುಡುಗರಿಗೆ ಯಾರೂ ಹೇಳುವುದಿಲ್ಲ. ಯಾರೋ ದೊಡ್ಡವರು ಬಂದು, "ನಿನ್ನ ಹೆಸರಲ್ಲಿ ಒಂದು ಸೈಟು ಮಾಡ್ತೀವಿ, ಆಧಾರ್, ಪ್ಯಾನ್ ಕೊಡು, ಸಹಿ ಹಾಕು, ಖರ್ಚಿಗೆ ಇಷ್ಟು ಕೊಡ್ತೀವಿ" ಅಂದರೆ ಅದು ಬೇನಾಮಿ. 2016ರ ತಿದ್ದುಪಡಿ ನಂತರ ಬೇನಾಮಿ ವ್ಯವಹಾರಕ್ಕೆ ಒಂದರಿಂದ ಏಳು ವರ್ಷ ಕಠಿಣ ಜೈಲು, ಆಸ್ತಿಯ ಮಾರುಕಟ್ಟೆ ಬೆಲೆಯ 25 ಪರ್ಸೆಂಟ್‌ವರೆಗೆ ದಂಡ. ಹೆಸರು ಕೊಟ್ಟವರಿಗೂ ಶಿಕ್ಷೆ ಇದೆ. ಅಪ್ಪ ಅಮ್ಮ ತಮ್ಮ ಲೆಕ್ಕ ಇರುವ ದುಡ್ಡಿನಲ್ಲಿ ಮಕ್ಕಳ ಹೆಸರಿಗೆ ಕೊಳ್ಳುವುದು ಬೇರೆ, ಅದಕ್ಕೆ ಕಾನೂನಿನಲ್ಲೇ ಅವಕಾಶ ಇದೆ. ಹೊರಗಿನವರು ಕೇಳಿದರೆ ಮಾತ್ರ, ಎಷ್ಟೇ ಪರಿಚಯದವರಿರಲಿ, "ಆಗಲ್ಲ ಅಣ್ಣಾ" ಎಂದು ಹೇಳಿ.

18 ತುಂಬದವರು ಯಾವ ಕರಾರಿಗೂ ಸಹಿ ಹಾಕಬೇಡಿ. ಆ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲ. ಸಾಲದ ಆ್ಯಪ್‌ನಿಂದ ದುಡ್ಡು ತೆಗೆದು ಅಡ್ವಾನ್ಸ್ ಕೊಡುವ ಯೋಚನೆ ಬಂದರೆ ಅವತ್ತು ಮೊಬೈಲ್ ಮುಚ್ಚಿಟ್ಟು ಮಲಗಿ.

ಹೆಜ್ಜೆ 8: ಕೆಲಸ ಸಿಕ್ಕ ಮೇಲಿನ ತಯಾರಿ ಈಗಲೇ

ಬ್ಯಾಂಕ್ ಗೃಹಸಾಲ ಕೊಡುವುದು ಸಂಬಳ ನೋಡಿ. ರೂ. 30 ಲಕ್ಷದವರೆಗಿನ ಸಾಲದಲ್ಲಿ ಮನೆಯ ಬೆಲೆಯ 90 ಪರ್ಸೆಂಟ್‌ವರೆಗೆ ಕೊಡಬಹುದು, 30ರಿಂದ 75 ಲಕ್ಷದವರೆಗೆ 80 ಪರ್ಸೆಂಟ್. ಉಳಿದದ್ದು ಮತ್ತು ನೋಂದಣಿ ಖರ್ಚು ನಿಮ್ಮ ಕೈಯಿಂದ. ಖಾಲಿ ಸೈಟಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಇನ್ನೂ ಕಡಿಮೆ ಕೊಡುತ್ತವೆ. ಹಾಗಾಗಿ ಕೈಯಲ್ಲಿ ಐದಾರು ಲಕ್ಷ ಇಲ್ಲದೆ 25 ಲಕ್ಷದ ಮಾತು ಆಡಲು ಬರುವುದಿಲ್ಲ. ಈಗ ತಿಂಗಳಿಗೆ 500 ರೂಪಾಯಿ ಆದರೂ ಬೇರೆ ಖಾತೆಯಲ್ಲಿ ಇಡುತ್ತಾ ಬನ್ನಿ. ಶಿಕ್ಷಣ ಸಾಲ ತೆಗೆದಿದ್ದರೆ ಕಂತು ಶುರುವಾದ ಮೇಲೆ ಒಂದನ್ನೂ ತಪ್ಪಿಸಬೇಡಿ. ಸಾಲ ಸರಿಯಾಗಿ ಕಟ್ಟುತ್ತೀರಾ ಎಂದು ಬ್ಯಾಂಕುಗಳು ನೋಡುವ ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ. ಗೆಳೆಯನ ಬೈಕ್ ಸಾಲಕ್ಕೆ ಜಾಮೀನು ಹಾಕಿದರೆ, ಅವನು ಕಟ್ಟದಿದ್ದಾಗ ನಿಮ್ಮ ಅಂಕವೂ ಇಳಿಯುತ್ತದೆ.

ನಾನು ನನ್ನ ಮೊದಲ ಸೈಟು ಕೊಂಡದ್ದು ಕೆಲಸಕ್ಕೆ ಸೇರಿ ಆರು ವರ್ಷಕ್ಕೆ. ನೋಂದಣಿ ಆದ ದಿನವೇ ಕೆಲಸ ಮುಗಿಯಲಿಲ್ಲ. ಖಾತೆ ನನ್ನ ಹೆಸರಿಗೆ ಬಂತೋ ಇಲ್ಲವೋ ಎಂದು ಹಿಂದೆ ಬಿದ್ದು ಮಾಡಿಸಿದೆ. ನಾಲ್ಕು ಮೂಲೆಗೂ ಕಲ್ಲು ನೆಡಿಸಿ, ತಂತಿ ಸುತ್ತಿಸಿ, ದಿನಾಂಕ ಕಾಣುವ ಹಾಗೆ ಫೋಟೊ ತೆಗೆದು ಇಟ್ಟೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕಂದಾಯ ಕಟ್ಟಿ, ಅದೇ ದಿನ ಹೊಸ ಇಸಿ ತೆಗೆಸುತ್ತೇನೆ. ಎರಡನ್ನೂ ಒಂದು ಹಸಿರು ಫೈಲಿನಲ್ಲಿ ಹಾಕಿ ಇಡುತ್ತೇನೆ. ಆ ಫೈಲಿನ ಮೊದಲ ಹಾಳೆ ಮಾತ್ರ ಆ ಸೈಟಿನದಲ್ಲ. ರೂ. 50,000 ಮುಟ್ಟಿದೆ ಎಂದು ಬರೆದ ಆ ಬಿಳಿ ಹಾಳೆ.